ಓದುಗರ ಪ್ರಶ್ನೋತ್ತರ: ಖೋ ಖೋ ಮೇಷ್ಟ್ರು ಮತ್ತು ಅವರ ಪಾಲಿಸಿ ಪುಸ್ತಕ

ಪ್ರಶ್ನೆ: ಮಾನ್ಯರೇ, ನಾವು ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಓದಿದವರು. ಅಲ್ಲಿ ದೈಹಿಕ ಶಿಕ್ಷಕರಾಗಿದ್ದ ನಮ್ಮ ಮೇಷ್ಟ್ರು ಬಹಳ ವರ್ಷ ನಮಗೆ ಖೋ ಖೋ ಕಲಿಸಿದರು. ಶಾಲೆಗೆ ಅನುದಾನವಿರಲಿಲ್ಲ, ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅವರು ಶಾಲೆ ಬಿಟ್ಟು ಎಲ್‌ಐಸಿ ಏಜೆಂಟರಾದರು. ಕೊನೆಯವರೆಗೂ ಅದೇ ಕೆಲಸದಲ್ಲಿದ್ದರು, ಬಿಡುವಾದ ಸಂಜೆಗಳಲ್ಲಿ ಮೈದಾನಕ್ಕೂ ಬರುತ್ತಿದ್ದರು. ಅವರು ತೀರಿಕೊಂಡು ವರ್ಷ ತುಂಬುತ್ತಿದೆ. ವರ್ಷದ ತಿಥಿಯಾದ ಮೇಲೆ ಶಾಲೆಯಲ್ಲಿ ನುಡಿನಮನ ಇಟ್ಟುಕೊಂಡು, ಒಂದು ಸಣ್ಣ ಸಂಸ್ಮರಣ ಪುಸ್ತಕವನ್ನೂ ತರಬೇಕೆಂದಿದ್ದೇವೆ. ಪುಸ್ತಕದಲ್ಲಿ ಆಟದ ವಿಷಯವಷ್ಟೇ ಇರಲಿ, ಪಾಲಿಸಿಗಾಗಿ ಮನೆಮನೆ ಅಲೆದದ್ದನ್ನು ಬರೆದರೆ ಅವರ ಘನತೆಗೆ ಕುಂದು ಎಂಬುದು ನಮ್ಮಲ್ಲಿ ಕೆಲವರ ವಾದ. ತಮ್ಮ ಅಭಿಪ್ರಾಯವೇನು? ನಾವು ಸಂಗ್ರಹಿಸಿರುವ ಟಿಪ್ಪಣಿಗಳನ್ನೂ ಇದರೊಂದಿಗೆ ಕಳುಹಿಸಿದ್ದೇವೆ.
— ಹಳೆಯ ವಿದ್ಯಾರ್ಥಿಗಳ ಪರವಾಗಿ ಒಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಆ ಭಾಗವನ್ನು ಬಿಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಿಮ್ಮ ಗೆಳೆಯರ ಸಂಕೋಚ ಎಲ್ಲಿಂದ ಬಂದಿದೆ ಎಂಬುದು ಊಹಿಸಲಾಗದ ಸಂಗತಿಯೇನಲ್ಲ. ಮೇಷ್ಟ್ರು ಬಂದರೆ ಎದ್ದು ನಿಲ್ಲುವ ನಮ್ಮ ಜನವೇ, ಏಜೆಂಟರು ಬಂದರೆಂದರೆ ‘ಮನೇಲಿಲ್ಲ ಅಂತ ಹೇಳು’ ಎಂದು ಒಳಗಿನಿಂದ ಕೈಸನ್ನೆ ಮಾಡುತ್ತಾರೆ. ನಿಮ್ಮ ಮೇಷ್ಟ್ರು ಈ ಎರಡೂ ಬಗೆಯ ಸ್ವಾಗತವನ್ನು ಒಂದೇ ಊರಿನಲ್ಲಿ, ಬಹುಶಃ ಒಂದೇ ಮನೆಯ ಜಗುಲಿಯಲ್ಲಿ ಕಂಡವರು. ಆ ಅರ್ಧವನ್ನು ಕತ್ತರಿಸಿದರೆ, ಯಾವ ಶಾಲೆಯ ಯಾವ ಶಿಕ್ಷಕರಿಗೂ ಹೊಂದಿಕೊಳ್ಳುವ ಸ್ತುತಿಯೊಂದು ನಿಮ್ಮ ಕೈಯಲ್ಲಿ ಉಳಿಯುತ್ತದೆ.

ನೀವು ಕಳುಹಿಸಿದ ಟಿಪ್ಪಣಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪಾಲಿಸಿ ಪುಸ್ತಕದ ವಿವರ. ಉದ್ದನೆಯ ಲೆಕ್ಕದ ಪುಸ್ತಕ. ಎಡಗಡೆ ಹೆಸರು, ಪಾಲಿಸಿ ನಂಬರು, ಕಂತಿನ ತಿಂಗಳು. ಬಲಗಡೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಕಬ್ಬು ಕಟಾವು ಆದ ಮೇಲೆ’, ‘ಮಗಳ ಬಾಣಂತನ, ಈಗ ಕೇಳಬಾರದು’, ‘ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದಾರೆ, ನಾಮಿನಿ ವಿಚಾರಿಸು’ ಎಂಬಂಥ ಮಾತುಗಳು. ಇದಕ್ಕಿಂತ ಹಿಂದಿನ ಪುಸ್ತಕವೊಂದು ಶಾಲೆಯ ಬೀರುವಿನಲ್ಲಿ ಸಿಕ್ಕಿತೆಂದೂ, ಅದರಲ್ಲಿ ಪ್ರತಿ ಓಟಗಾರ ಎಷ್ಟು ನಿಮಿಷ ಎಷ್ಟು ಸೆಕೆಂಡು ಉಳಿದ, ಯಾವ ಕಂಬದ ಬಳಿ ಔಟಾದ ಎಂಬ ದಾಖಲೆ ಇದೆಯೆಂದೂ ಬರೆದಿದ್ದೀರಿ. ಎರಡರಲ್ಲಿಯೂ ಗೆರೆ ಎಳೆದ ಕ್ರಮ ಒಂದೇ, ಬಲಗಡೆ ಬಿಟ್ಟ ಅಂಚೂ ಒಂದೇ ಎಂದು ನಿಮ್ಮಲ್ಲಿಯೇ ಒಬ್ಬರು ಗುರುತಿಸಿದ್ದಾರೆ. ಸಂಸ್ಮರಣ ಪುಸ್ತಕದಲ್ಲಿ ಎದುರುಬದುರಿನ ಎರಡು ಪುಟಗಳಲ್ಲಿ ಇವೆರಡರ ಚಿತ್ರಗಳನ್ನು ಅಚ್ಚು ಹಾಕಿಸಿ. ಆದರೆ ಪಾಲಿಸಿ ಪುಸ್ತಕದ ಹೆಸರು, ನಂಬರುಗಳು ಮತ್ತು ಅಂಚಿನ ಮಾತುಗಳಲ್ಲಿ ಯಾರ ಮನೆಯೆಂದು ಊರಿನವರಿಗೆ ತಿಳಿಯುವಂಥವು ಕಾಣದಂತೆ ಮುಚ್ಚಬೇಕು. ಜನ ಅವರಿಗೆ ನಂಬಿ ಹೇಳಿದ ಸಾಲ, ಕಾಯಿಲೆ, ಮನಸ್ತಾಪಗಳು ನಿಮ್ಮ ಪುಸ್ತಕದ ಸರಕಲ್ಲ.

ಏಜೆಂಟರಾದದ್ದನ್ನು ಹೇಳುವಾಗ ‘ಅನಿವಾರ್ಯವಾಗಿ’ ಎಂಬ ಒಂದು ಪದದಲ್ಲಿ ಮುಗಿಸದೆ ಹೇಗೆ ಆದರೆಂಬುದನ್ನು ಬರೆಯಿರಿ. ಸರ್ಕಾರಿ ಶಿಕ್ಷಕರು ನಡತೆ ನಿಯಮಗಳ ಪ್ರಕಾರ ಏಜೆನ್ಸಿ ನಡೆಸುವಂತಿಲ್ಲವಾದ್ದರಿಂದ, ನಮ್ಮ ಜಿಲ್ಲೆಗಳಲ್ಲಿ ಹೆಂಡತಿಯ ಹೆಸರಿನಲ್ಲಿ ಏಜೆನ್ಸಿ, ಓಡಾಟ ಮಾತ್ರ ಗಂಡನದು ಎಂಬ ವ್ಯವಸ್ಥೆ ಎಲ್ಲರಿಗೂ ಗೊತ್ತಿರುವ ಗುಟ್ಟು. ಅನುದಾನವಿಲ್ಲದ ಶಾಲೆಯ ನಿಮ್ಮ ಮೇಷ್ಟ್ರಿಗೆ ಆ ತೆರೆ ಬೇಕಿರಲಿಲ್ಲ. ತಮ್ಮ ಹೆಸರಿನಲ್ಲಿಯೇ ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು. ಏಜೆಂಟರನ್ನು ಹುಡುಕುವ ಡೆವಲಪ್‌ಮೆಂಟ್ ಆಫೀಸರುಗಳ ಕಣ್ಣು ಮೊದಲು ಬೀಳುವುದು ಇಂಥವರ ಮೇಲೆಯೇ, ಏಕೆಂದರೆ ಹತ್ತು ಹಳ್ಳಿಗಳಲ್ಲಿ ಹೆಸರು ಹಿಡಿದು ಕರೆಯಬಲ್ಲ ಮೇಷ್ಟ್ರಿಗಿಂತ ಹೆಚ್ಚಿನ ಬಂಡವಾಳ ಈ ವೃತ್ತಿಗೆ ಇನ್ನೊಂದಿಲ್ಲ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಷ್ಟು ಹಿಂದೆಯೇ ಜೀವವಿಮೆಯನ್ನು ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಮೂಲ ಅದು. ಆದರೆ ಸಂಬಳದ ಚೀಟಿ ಇಲ್ಲದ ರೈತನ ಮನೆಗೆ ವಿಮೆ ತಲುಪಿದ್ದು ಬಹುಮಟ್ಟಿಗೆ 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳು ಸೇರಿ ಎಲ್‌ಐಸಿ ಆದ ಮೇಲೆ, ಇಂಥ ಏಜೆಂಟರ ಸೈಕಲ್ಲು ಮತ್ತು ಮೊಪೆಡ್‌ಗಳ ಮೂಲಕ. ಮಂಡ್ಯದಲ್ಲಿ ಈ ಕೆಲಸ ಮಾಡುವವರಿಗೆ ಕಬ್ಬಿನ ಲೆಕ್ಕ ಬಾಯಲ್ಲಿರಬೇಕು. ಮೈಷುಗರ್ ಕಾರ್ಖಾನೆ ಹಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯಲು ಆರಂಭಿಸಿದ ಊರಿದು. ಕಬ್ಬಿನ ಬಿಲ್ಲು ತಡವಾದರೆ ಕಂತೂ ತಡವಾಗುತ್ತದೆ. ನಿಮ್ಮ ಮೇಷ್ಟ್ರು ತಿಂಗಳ ಕಂತನ್ನು ಯಾರಿಗೂ ಹೇಳದೆ, ಭತ್ತ ಮಾರುವ ಜನವರಿಗೋ ಕಬ್ಬಿನ ಹಣ ಬರುವ ಹೊತ್ತಿಗೋ ಸರಿಹೊಂದುವಂತೆ ವಾರ್ಷಿಕ ಕಂತು ಮಾಡಿಸುತ್ತಿದ್ದರೆಂದು ಬರೆದಿದ್ದೀರಿ. ಕಂತಿನ ದಿನ ಕಳೆದ ಮೇಲೂ ಕಟ್ಟಲು ಕೊಡುವ ರಿಯಾಯಿತಿ ದಿನಗಳೂ ವಾರ್ಷಿಕ ಕಂತಿಗೆ ಹೆಚ್ಚು: ತಿಂಗಳ ಕಂತಿಗೆ 15 ದಿನವಾದರೆ ಇದಕ್ಕೆ 30 ದಿನ.

ಆ 30 ದಿನಗಳ ಬೆಲೆ ಏನೆಂಬುದು ನಿಮ್ಮದೇ ತಂಡದಲ್ಲಿದ್ದು ಗೂಡ್ಸ್ ಆಟೊ ಓಡಿಸುತ್ತಿದ್ದ ಹುಡುಗನ ಪ್ರಸಂಗದಲ್ಲಿದೆ. ಅಪಘಾತದಲ್ಲಿ ಅವನು ತೀರಿಕೊಂಡಾಗ ಕಂತಿನ ದಿನ ಕಳೆದಿತ್ತು. ಪಾಲಿಸಿ ಸತ್ತೇಹೋಯಿತೆಂದು ಮನೆಯವರು ಬಾಂಡನ್ನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ರಿಯಾಯಿತಿ ದಿನಗಳೊಳಗೆ ಸಾವು ಸಂಭವಿಸಿದರೆ ಪಾಲಿಸಿ ಜೀವಂತವೇ ಇರುತ್ತದೆ, ಕಟ್ಟಬೇಕಿದ್ದ ಕಂತನ್ನು ಮಾತ್ರ ಕಳೆದು ಪೂರ್ತಿ ಮೊತ್ತ ಕೊಡುತ್ತಾರೆ ಎಂಬುದು ಮೇಷ್ಟ್ರಿಗೆ ತಿಳಿದಿತ್ತು. ತಿಥಿಯ ದಿನ ಊಟಕ್ಕೆ ಕೂರದೆ ಹುಡುಗನ ಹೆಂಡತಿಯ ಅಣ್ಣನನ್ನು ಪಕ್ಕಕ್ಕೆ ಕರೆದು, ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯ ನಕಲುಗಳನ್ನು ಯಾವ ಠಾಣೆಯಲ್ಲಿ, ಯಾರ ಬಳಿ ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರಂತೆ. ಈ ಪ್ರಸಂಗವನ್ನು ಬಿಟ್ಟು, ಅದೇ ಹುಡುಗ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ದಸರಾ ಕ್ರೀಡಾಕೂಟಕ್ಕೆ ಆಡಿದನೆಂಬುದನ್ನು ಮಾತ್ರ ಬರೆಯುವಿರಾದರೆ, ಅವನ ಹೆಂಡತಿ ಮಕ್ಕಳು ಪುಸ್ತಕ ತೆರೆದಾಗ ಏನೆಂದುಕೊಳ್ಳಬೇಕು?

ಇನ್ನೊಂದು ಟಿಪ್ಪಣಿಯನ್ನು ಓದಿ ನಗು ಬಂತು. ಒಬ್ಬ ಹುಡುಗನ ಪಾಲಿಸಿ ಅರ್ಜಿಯಲ್ಲಿ ಅಭ್ಯಾಸಗಳ ಪ್ರಶ್ನೆ ಬಂದಾಗ, ಅವನ ತಂದೆಯ ಎದುರಿನಲ್ಲಿಯೇ ‘ಬೀಡಿ ಸೇದ್ತೀಯಲ್ಲ, ಬರಿ’ ಎಂದು ಮೇಷ್ಟ್ರು ಹೇಳಿಬಿಟ್ಟ ಕಥೆ. ಹುಡುಗನಿಗೆ ಅಂದು ಮನೆಯಲ್ಲಿ ಆದ ಮಂಗಳಾರತಿ ಹಾಗಿರಲಿ, ಮೇಷ್ಟ್ರು ಹಾಗೆ ಮಾಡಲು ಕಾರಣವಿತ್ತು. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ, ಮೊದಲ ಮೂರು ವರ್ಷಗಳೊಳಗೆ ಅರ್ಜಿಯಲ್ಲಿನ ಸುಳ್ಳನ್ನು ಹಿಡಿದು ಪಾಲಿಸಿಯನ್ನು ಪ್ರಶ್ನಿಸಬಹುದು. ಮೂರು ವರ್ಷ ಕಳೆದ ಮೇಲೆ ಪ್ರಶ್ನಿಸುವಂತಿಲ್ಲ. ಮುಚ್ಚಿಟ್ಟ ಬಿಪಿ, ಸಕ್ಕರೆ ಕಾಯಿಲೆ, ಬೀಡಿಗಳು ಕೊನೆಗೆ ಹೆಂಡತಿಯ ಕ್ಲೇಮಿಗೆ ಅಡ್ಡ ಬರುತ್ತವೆ. ಹಾಗೆಯೇ, ಕಂತಿನ ಹಣವನ್ನು ಅವರ ಕೈಗೆ ಕೊಟ್ಟರೆ ಅಂದೇ ಸಂಜೆಯೊಳಗೆ ಶಾಖೆಯ ರಸೀದಿ ತಂದುಕೊಡುತ್ತಿದ್ದರು, ತರಲಾಗದ ದಿನ ಹಣ ಮುಟ್ಟುತ್ತಿರಲಿಲ್ಲ ಎಂಬುದನ್ನು ಶಿಸ್ತೆಂದು ಹೊಗಳಿದ್ದೀರಿ. ಅದು ಶಿಸ್ತು ಹೌದು, ಕಾನೂನಿನ ತಿಳಿವಳಿಕೆಯೂ ಹೌದು. ಏಜೆಂಟರ ಕೈಗೆ ಕೊಟ್ಟ ಹಣ ನಿಗಮಕ್ಕೆ ಕಟ್ಟಿದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣದಲ್ಲಿ ಏಜೆಂಟರು ಚೆಕ್ಕಿನ ಹಣವನ್ನು ತಡವಾಗಿ ಕಟ್ಟಿದ್ದರಿಂದ ಮನೆಯವರಿಗೆ ಕ್ಲೇಮು ದಕ್ಕಲಿಲ್ಲ.

ಸಾಲ ಮಾಡಿದ್ದ ರೈತರೊಬ್ಬರಿಗೆ ‘ಹೆಂಡತಿ ಹೆಸರಿನ ಕಾಯ್ದೆಯಡಿ’ ಪಾಲಿಸಿ ಮಾಡಿಸಿದರೆಂದು ಒಂದು ಸಾಲು ಬರೆದು ಬಿಟ್ಟಿದ್ದೀರಿ. ಅದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ. ಅದರ 6ನೇ ಕಲಮಿನಡಿ ಹೆಂಡತಿ ಮಕ್ಕಳ ಹಿತಕ್ಕೆಂದು ನಮೂದಿಸಿ ಗಂಡ ಮಾಡಿಸಿದ ಪಾಲಿಸಿಯ ಹಣದ ಮೇಲೆ, ಅವನ ಸಾಲಗಾರರು ಕೈ ಹಾಕುವಂತಿಲ್ಲ. ಅರ್ಜಿ ತುಂಬುವಾಗಲೇ ಇದನ್ನು ಕೇಳಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಕೈಸಾಲ, ಸೊಸೈಟಿ ಸಾಲಗಳ ನಮ್ಮ ಸೀಮೆಯಲ್ಲಿ ಇದನ್ನು ತಾನಾಗಿ ಹೇಳುವ ಏಜೆಂಟರು ಬಹಳ ವಿರಳ. ನನ್ನನ್ನು ಕೇಳಿದರೆ, ಅವರು ಗೆಲ್ಲಿಸಿಕೊಟ್ಟ ಯಾವ ಷೀಲ್ಡಿಗಿಂತಲೂ ಈ ಸಾಲು ದೊಡ್ಡದು, ಇದನ್ನು ಎರಡು ಪುಟಕ್ಕೆ ಬೆಳೆಸಿ.

ಆಟದ ಭಾಗಕ್ಕೆ ಬರೋಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಮಣಿಸಿದರು. ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಈಗ ಟಿವಿಯಲ್ಲಿ, ಮ್ಯಾಟ್ ಮೇಲೆ ಈ ಆಟವನ್ನು ನೋಡುವ ಮಕ್ಕಳಿಗೆ, ಹೊಲದಂಥ ಮೈದಾನದಲ್ಲಿ ಕಲ್ಲು ಆರಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಬಡಗಿಯಿಂದ ಕಂಬ ಕೆತ್ತಿಸಿ ಆಡಿದ ಕಾಲದ ವಿವರ ಬೇಕು. ‘ಅಪ್ರತಿಮ ತರಬೇತುದಾರರು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ದಿಕ್ಕು ಹಿಡಿದು ಹೊರಟ ಚೇಸರ್ ಕಂಬ ದಾಟುವವರೆಗೂ ಹಿಂತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಆದ್ದರಿಂದ ಹಿಡಿಯುವವನು ಓಡುವವನಿಗಿಂತ ಮೊದಲು ಯೋಚಿಸಬೇಕು ಎಂದು ಅವರು ಹೇಗೆ ಕಲಿಸಿದರು, ಖೋ ಕೊಡುವಾಗ ಬೆನ್ನು ಮುಟ್ಟುವುದೂ ಕೂಗುವುದೂ ಒಟ್ಟಿಗೆ ಬರಲೆಂದು ಏನು ಮಾಡಿಸಿದರು, ಮೂವರ ತಂಡದಲ್ಲಿ ಯಾರನ್ನು ಮೊದಲು ಒಳಗೆ ಬಿಟ್ಟರು, ಒಂಬತ್ತು ನಿಮಿಷದ ಸರದಿಯಲ್ಲಿ ಉಸಿರನ್ನು ಎಲ್ಲಿ ಉಳಿಸಲು ಹೇಳಿದರು ಎಂಬುದನ್ನು ಆಡಿದವರೇ ಬರೆಯಬೇಕು. ತಂಡಗಳ ಪಟ್ಟಿ, ವರ್ಷ, ಸೋತ ಪಂದ್ಯಗಳ ಅಂಕಗಳು ಸಿಕ್ಕಷ್ಟು ಸೇರಿಸಿ. ಹಳ್ಳಿಯ ಆಟಗಳ ದಾಖಲೆ ಬೇರೆ ಎಲ್ಲಿಯೂ ಇರುವುದಿಲ್ಲ. ಒಂದು ವಿನಂತಿ: ‘ಖೋ ಕೊಟ್ಟು ಎದ್ದು ನಡೆದರು’ ಎಂಬ ವಾಕ್ಯವನ್ನು ನಿಮ್ಮ ಲೇಖಕರಲ್ಲಿ ಕನಿಷ್ಠ ಆರು ಜನ ಬರೆಯುತ್ತಾರೆ. ಸಂಪಾದಕರಾದವರು ಆರನ್ನೂ ಹೊಡೆದುಹಾಕಬೇಕು.

ಪ್ರಶ್ನೆ: ನಾನೂ ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಎಲ್ಲರೂ ಮೇಷ್ಟ್ರನ್ನು ಹೊಗಳಿ ಬರೆಯುತ್ತಿದ್ದಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅವರ ಮಾತು ಮೀರಲಾಗದೆ ಒಂದು ಎಂಡೋಮೆಂಟ್ ಪಾಲಿಸಿ (ಅವಧಿ ಮುಗಿದಾಗಲೂ ಹಣ ಬರುವ ವಿಮೆ) ಮಾಡಿಸಿದೆ. ಎರಡು ವರ್ಷ ಕಟ್ಟಿ, ಆಗದೆ ಬಿಟ್ಟೆ. ಒಂದು ರೂಪಾಯಿಯೂ ವಾಪಸು ಬರಲಿಲ್ಲ. ಅವರ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಇದನ್ನು ನುಡಿನಮನದಲ್ಲಿ ಹೇಳಬಹುದೆ?
— ಹೆಸರು ಬೇಡ, ಕೆ.ಆರ್. ಪೇಟೆ

ಉತ್ತರ: ವೇದಿಕೆಯಲ್ಲಿ ಬೇಡ, ಮನೆಯವರು ಎದುರಿಗೆ ಕುಳಿತಿರುತ್ತಾರೆ. ಪುಸ್ತಕಕ್ಕೆ ಖಂಡಿತ ಬರೆಯಿರಿ. ಗುರುಗಳು ಕೇಳಿದಾಗ ಇಲ್ಲವೆನ್ನಲಾಗದೆ ದಾಕ್ಷಿಣ್ಯಕ್ಕೆ ಮಾಡಿಸಿದ ಪಾಲಿಸಿಗಳು ನಮ್ಮ ಕಡೆ ಸಾವಿರಾರು ಇವೆ, ಅವುಗಳ ಬಗ್ಗೆ ಯಾರೂ ಬರೆದಿಲ್ಲ. ಬರೆಯುವಾಗ ಪೂರ್ತಿ ಹಿನ್ನೆಲೆಯನ್ನು ಕೊಡಬೇಕು. ಆಗಿನ ಕಾನೂನಿನಂತೆ ಮೂರು ಪೂರ್ಣ ವರ್ಷ ಕಂತು ಕಟ್ಟದಿದ್ದರೆ ಪಾಲಿಸಿಗೆ ಸರೆಂಡರ್ ಮೌಲ್ಯ, ಅಂದರೆ ನಡುವೆ ಬಿಟ್ಟರೆ ವಾಪಸು ಸಿಗುವ ಹಣ, ಬರುತ್ತಿರಲಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮಗಳಲ್ಲಿ ಒಂದು ಪೂರ್ಣ ವರ್ಷದ ಕಂತು ಕಟ್ಟಿದ್ದರೂ ವರ್ಷ ಮುಗಿದ ಮೇಲೆ ಸ್ವಲ್ಪ ಹಣ ಸಿಗುತ್ತದೆ. ನಿಮ್ಮ ಹಣ ಹೋದದ್ದು ಮೇಷ್ಟ್ರ ಜೇಬಿಗಲ್ಲ, ಆದರೆ ಅದರಲ್ಲೊಂದು ಪಾಲು ಅವರಿಗೆ ಹೋಗಿತ್ತೆಂಬುದೂ ನಿಜ. ದೀರ್ಘಾವಧಿಯ ಎಂಡೋಮೆಂಟ್ ಪಾಲಿಸಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಏಜೆಂಟರಿಗೆ ಮೊದಲ ವರ್ಷದ ಕಂತಿನಲ್ಲಿ ಶೇ 25 ಕಮಿಷನ್ ಮತ್ತು ಅದರ ಮೇಲೆ ಬೋನಸ್ ಕಮಿಷನ್, ಮುಂದಿನ ಎರಡು ವರ್ಷ ಶೇ 7.5, ಆಮೇಲೆ ಶೇ 5 ಸಿಗುತ್ತಿತ್ತು. ಹೊಸ ಪಾಲಿಸಿ ಮಾಡಿಸಿದ ವರ್ಷವೇ ಹೆಚ್ಚು ದುಡ್ಡು ಎಂಬ ಈ ಏರ್ಪಾಡು ಒಳ್ಳೆಯ ಮನುಷ್ಯರನ್ನೂ ಮಾರ್ಚ್ ತಿಂಗಳಲ್ಲಿ ಅವಸರಕ್ಕೆ ದೂಡುತ್ತದೆ. ಹೊಸದಾಗಿ ದುಡಿಯಲು ತೊಡಗಿದ ಹುಡುಗನಿಗೆ ಕಡಿಮೆ ಕಂತಿನ, ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಬರುವ ಟರ್ಮ್ ವಿಮೆ ಸಾಕಾಗುತ್ತಿತ್ತು, ಅದನ್ನು ಅವರು ಹೇಳಬೇಕಿತ್ತು ಎಂದು ನನಗನ್ನಿಸುತ್ತದೆ. ಇಷ್ಟನ್ನೂ ಬರೆದು, ಆ ಮೇಲೂ ನೀವು ಅವರ ನುಡಿನಮನಕ್ಕೆ ಹೊರಟಿದ್ದೇಕೆ ಎಂಬುದನ್ನೂ ಬರೆಯಿರಿ. ಸಂಪಾದಕರು ಇದನ್ನು ಕತ್ತರಿಸಬಾರದೆಂದು ಈ ಅಂಕಣದ ಮೂಲಕವೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಆ ಮೇಷ್ಟ್ರ ಮಗಳು ನಾನು. ಅಪ್ಪಾಜಿಯ ಮೊಬೈಲ್ ಈಗ ನನ್ನ ಬಳಿಯಿದೆ. ‘ನಮ್ಮ ಕಂತು ಯಾವಾಗ’, ‘ಬಾಂಡ್ ಕಳೆದಿದೆ’ ಎಂದು ಈಗಲೂ ಕರೆಗಳು ಬರುತ್ತವೆ. ಇಲ್ಲವೆನ್ನಲು ಮನಸ್ಸಾಗುವುದಿಲ್ಲ, ನನಗೆ ಈ ಕೆಲಸ ತಿಳಿಯದು. ಅವರಿಗೆ ಬರುತ್ತಿದ್ದ ಕಮಿಷನ್ ನಿಂತುಹೋಗುತ್ತದೆಯೆ? ಕೇಳಲು ಅಮ್ಮನಿಗೆ ಮುಜುಗರ.
— ಮೈಸೂರಿನಿಂದ ಒಬ್ಬರು

ಉತ್ತರ: ತಾಯಿಯವರು ಮುಜುಗರಪಡಬೇಕಾದ ವಿಷಯವೇ ಅಲ್ಲ, ಅದು ಅವರ ಹಕ್ಕು. ಏಜೆಂಟರು ತೀರಿಕೊಂಡ ಮೇಲೂ ಅವರು ಮಾಡಿಸಿದ ಪಾಲಿಸಿಗಳ ನವೀಕರಣ ಕಮಿಷನ್ ಅವರ ನಾಮಿನಿಗೆ ಅಥವಾ ವಾರಸುದಾರರಿಗೆ ಮುಂದುವರಿಯುವ ಅವಕಾಶವಿದೆ. ಶಾಖೆಗಳಲ್ಲಿ ಇದನ್ನು ಹೆರಿಡಿಟರಿ ಕಮಿಷನ್ ಎನ್ನುತ್ತಾರೆ. ಎಷ್ಟು ವರ್ಷ ಏಜೆಂಟರಾಗಿದ್ದರು, ಎಷ್ಟು ವ್ಯವಹಾರ ಚಾಲ್ತಿಯಲ್ಲಿದೆ ಎಂಬ ಷರತ್ತುಗಳಿವೆ. ತಂದೆಯವರ ಏಜೆನ್ಸಿ ಸಂಕೇತ ಸಂಖ್ಯೆ, ಮರಣ ಪ್ರಮಾಣಪತ್ರ, ತಾಯಿಯವರ ಬ್ಯಾಂಕ್ ಪುಸ್ತಕ ಮತ್ತು ಗುರುತಿನ ಚೀಟಿಯೊಂದಿಗೆ ಅವರು ಸೇರಿದ್ದ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಏಜೆಂಟರ ಗ್ರಾಚುಯಿಟಿ ಮತ್ತು ಗುಂಪು ವಿಮೆಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಗ್ರಾಚುಯಿಟಿಯ ಗರಿಷ್ಠ ಮಿತಿಯನ್ನು 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸುವ ತೀರ್ಮಾನ 2023ರಲ್ಲಿ ಪ್ರಕಟವಾಗಿದೆ.

ಕರೆ ಮಾಡುವವರಿಗೆ ಒಂದೇ ಉತ್ತರ ಸಾಕು: ಕಂತನ್ನು ಯಾವ ಶಾಖೆಯಲ್ಲಿ ಬೇಕಾದರೂ, ಮೊಬೈಲಿನಲ್ಲಿಯೂ ಕಟ್ಟಬಹುದು, ಬಾಂಡಿನ ನಕಲು, ನಾಮಿನಿ ಬದಲಾವಣೆ, ಕ್ಲೇಮು ಯಾವುದಕ್ಕೂ ಏಜೆಂಟರ ಸಹಿ ಕಡ್ಡಾಯವಲ್ಲ, ಸಹಾಯಕ್ಕೆ ಬೇರೆ ಏಜೆಂಟರನ್ನು ಗೊತ್ತುಮಾಡುವಂತೆ ಶಾಖೆಯನ್ನೇ ಕೇಳಬಹುದು. ಯಾರ ಹಣವನ್ನೂ ನೀವು ಕೈಗೆ ತೆಗೆದುಕೊಳ್ಳಬೇಡಿ. ಪಾಲಿಸಿ ಪುಸ್ತಕವನ್ನು ನೋಡಲು ಕೇಳುವ ಬೇರೆ ಏಜೆಂಟರು ಬಂದೇ ಬರುತ್ತಾರೆ, ಕೊಡಬೇಡಿ. ನೀವೇ ಏಜೆನ್ಸಿ ತೆಗೆದುಕೊಳ್ಳಿ ಎಂಬ ಸಲಹೆಯೂ ಬಂದೀತು. ಮನಸ್ಸಿದ್ದರೆ ಸರಿ, ಅಪ್ಪಾಜಿಯ ಹೆಸರು ಉಳಿಸಲೆಂದು ಮಾತ್ರ ಬೇಡ.

ಪ್ರಶ್ನೆ: ಮೇಷ್ಟ್ರ ಹೆಸರಿನಲ್ಲಿ ಪ್ರತಿ ವರ್ಷ ಖೋ ಖೋ ಪಂದ್ಯಾವಳಿ ನಡೆಸಿದರೆ ಒಳ್ಳೆಯದೋ, ಶಾಲೆಯಲ್ಲಿ ದತ್ತಿ ಬಹುಮಾನ ಇಟ್ಟರೆ ಒಳ್ಳೆಯದೋ? ನಮ್ಮಲ್ಲಿ ಒಂದು ಲಕ್ಷ ರೂಪಾಯಿಯಷ್ಟು ಸೇರಿದೆ.
— ಅದೇ ಬಳಗದ ಇನ್ನೊಬ್ಬರು, ಮಂಡ್ಯ

ಉತ್ತರ: ಪಂದ್ಯಾವಳಿಯ ಉತ್ಸಾಹ ಸಾಮಾನ್ಯವಾಗಿ ಮೂರನೆಯ ವರ್ಷಕ್ಕೆ ಇಳಿಯುತ್ತದೆ, ಶಾಮಿಯಾನ, ಊಟ, ಅತಿಥಿಗಳ ಹಾರಕ್ಕೆ ಹೋದ ಹಣ ಆಟಕ್ಕೆ ಹೋಗಿರುವುದಿಲ್ಲ. ಲಕ್ಷ ರೂಪಾಯಿಯನ್ನು ಠೇವಣಿ ಇಟ್ಟರೆ, ಬಡ್ಡಿ ಶೇ 7 ಎಂದುಕೊಂಡರೂ ವರ್ಷಕ್ಕೆ 7,000 ರೂಪಾಯಿ. ಅದರಲ್ಲಿ ಕಂಬಗಳ ದುರಸ್ತಿ, ಸುಣ್ಣ, ಗಾಯದ ಔಷಧಿ, ದೂರದ ಊರಿಗೆ ಆಡಲು ಹೋಗುವ ಹುಡುಗಿಯರ ಬಸ್ ಖರ್ಚು ನಡೆಯುತ್ತದೆ. ಠೇವಣಿ ಶಾಲೆಯ ಆಡಳಿತ ಮಂಡಳಿಯ ಹೆಸರಿನಲ್ಲಿ ಮಾತ್ರ ಇರದೆ, ಹಳೆಯ ವಿದ್ಯಾರ್ಥಿಗಳಿಬ್ಬರ ಸಹಿಯೂ ಬೇಕಾಗುವಂತೆ ಜಂಟಿಯಾಗಿರಲಿ. ಇಷ್ಟರ ಮೇಲೂ ಪಂದ್ಯಾವಳಿಯೇ ಬೇಕೆಂದಾದರೆ, ಒಂದು ಕೆಲಸವನ್ನು ಮೊದಲು ಮಾಡಿ: ಆಟಗಾರರಿಗೆ ಅಪಘಾತ ವಿಮೆ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 18 ವರ್ಷ ತುಂಬಿದವರಿಗೆ ಮಾತ್ರ. ಪ್ರೌಢಶಾಲೆಯ ಮಕ್ಕಳು ಅದರೊಳಗೆ ಬರುವುದಿಲ್ಲ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಗುಂಪು ವೈಯಕ್ತಿಕ ಅಪಘಾತ ವಿಮೆ ಸಿಗುತ್ತದೆ. ತಂಡಗಳ ಹೆಸರು ಬರೆಸಿಕೊಳ್ಳುವ ದಿನವೇ ಆಟಗಾರರ ಪಟ್ಟಿಯನ್ನು ಕೊಟ್ಟು, ಮೊದಲ ಪಂದ್ಯಕ್ಕಿಂತ ಮುಂಚೆ ಆ ಪಾಲಿಸಿ ಕೈಗೆ ಬಂದಿರುವಂತೆ ನೋಡಿಕೊಳ್ಳಿ.